ತಂಪು ಸೂಜಿ

ಜೀಪು ಏಕಸಂಬಿಯಲ್ಲಿ ಮಗದುಮ್ ಡಾಕ್ಟರರ ದವಾಖಾನೆಯ ಮುಂದೆ ನಿಂತ ಕೂಡಲೇ ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ಭಾವುಸಾಹೇಬನಿಗೆ ನಮಸ್ಕಾರ ಮಾಡಿದರು. ಭಾವುಸಾಹೇಬ ಜೀಪಿನ ಡ್ರೈವರ್. ಇಸ್ತ್ರಿ ಮಾಡಿದ ಸಫಾರಿ, ತಿದ್ದಿದ ಮೀಸೆ, ಜೇಬಿನಲ್ಲಿ ಪೆನ್ನು. ಆ ನಮಸ್ಕಾರ ತನ್ನದಲ್ಲವೆಂದು ಹೇಳುವ ಅವಸರ ಅವನಿಗೆ ಯಾವ ಊರಿನಲ್ಲೂ ಇರುತ್ತಿರಲಿಲ್ಲ. ಅವನ ಪಕ್ಕದ ಸೀಟಿನಿಂದ ಇಳಿದ ಮಂಗಲಾಳನ್ನು ಜನ ಅವನ ಹೆಂಡತಿಯೆಂದೋ, ಯಾವುದೋ ಊರಿಗೆ ಹೊರಟ ನರ್ಸ್ ಎಂದೋ ತಿಳಿದು ಸುಮ್ಮನೆ ದಾರಿ ಬಿಟ್ಟರು. ಚಿಕ್ಕೋಡಿ ತಾಲೂಕಿಗೆ ಆರೋಗ್ಯಾಧಿಕಾರಿಯಾಗಿ ಬಂದ ಹೊಸದರಲ್ಲಿ ಇದು ಅವಳಿಗೆ ನೋಯುತ್ತಿತ್ತು. ಹಾಗೆ ಅನ್ನಬಹುದಿತ್ತು, ಹೀಗೆ ನೋಡಬಹುದಿತ್ತು ಎಂದು ಆಮೇಲೆ ಒಬ್ಬಳೇ ಮಾತು ಜೋಡಿಸುತ್ತ ಕೂರುತ್ತಿದ್ದಳು. ಈಗ ಅವಳಿಗೆ ಅದರ ಬೆಲೆ ಗೊತ್ತಾಗಿತ್ತು. ತನ್ನನ್ನು ಯಾರೂ ಗಮನಿಸದ ಆ ಒಂದು ಗಳಿಗೆಯಲ್ಲಿ ಎಷ್ಟೋ ಕಾಣಿಸಿಬಿಡುತ್ತದೆ. ಬಳಸಿದ ಹತ್ತಿ ಎಲ್ಲಿ ಬಿದ್ದಿದೆ, ಕಂಪೌಂಡರ್ ಕೈ ಒರೆಸಿಕೊಳ್ಳುವುದು ಟವೆಲಿಗೋ ಧೋತರಕ್ಕೋ, ಸೂಜಿ ಮಾಡಿಸಿಕೊಂಡು ಹೊರಬಂದವರ ಮುಖ ಹೇಗಿದೆ. ಅಧಿಕಾರಿ ಬಂದಳೆಂದು ಗೊತ್ತಾದ ಮೇಲೆ ಯಾವ ದವಾಖಾನೆಯೂ ಅದೇ ದವಾಖಾನೆಯಾಗಿ ಉಳಿಯುವುದಿಲ್ಲ. ಹುಬ್ಬಳ್ಳಿಯ ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಜೀವಂತ ಕ್ರಿಮಿಯನ್ನು ತೋರಿಸುವಾಗ ಮೇಷ್ಟ್ರು ಹೇಳುತ್ತಿದ್ದರು, ಬೆಳಕು ಹೆಚ್ಚು ಬಿಟ್ಟರೆ ಅದು ಉಳಿಯುವುದಿಲ್ಲ, ಕಡಿಮೆ ಬಿಟ್ಟರೆ ನಿಮಗೆ ಕಾಣುವುದಿಲ್ಲ. ಭಾವುಸಾಹೇಬನ ಮೀಸೆ ಅವಳಿಗೆ ಬೇಕಾದಷ್ಟೇ ಬೆಳಕು ಬಿಡುತ್ತಿತ್ತು.

“ಬರ್ರಿ ಸಾಹೇಬ್ರ, ಚಾ ತರಸ್ಲೇನ್ರಿ?” ಎಂದು ಎದುರಿನ ತಂಬಾಕಿನ ಅಂಗಡಿಯವನು ಕೂಗಿದ.

“ಸಾಹೇಬ ನಾ ಅಲ್ಲೋ ಮಾರಾಯಾ, ಅವರು,” ಎಂದ ಭಾವುಸಾಹೇಬ, ಸಾಕಷ್ಟು ಹೊತ್ತು ಬಿಟ್ಟು. “ನಾ ಗಾಡಿ ಹೊಡ್ಯಾಂವ. ಚಾ ಏನು, ತರಸ.” ಜೀಪನ್ನು ಅಂಗಡಿಯ ಹಿಂದಿನ ನೆರಳಿಗೆ ಒಯ್ದು ನಿಲ್ಲಿಸಿದ.

ಬೆಳಗಿನಿಂದ ಅವಳ ಮನಸ್ಸು ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿತ್ತು. ಅತ್ತೆ ಸೋನಾಬಾಯಿ ನಿಪ್ಪಾಣಿಯಲ್ಲಿರುವ ತಂಗಿಯ ಮನೆಗೆಂದು ಮೊದಲ ಬಸ್ಸಿಗೆ ಹೋಗಿದ್ದರು. ಹೊರಡುವಾಗ ಅವರು ಸಡಿಲ ತೋಳಿನ ಹಳೆಯ ಕುಪ್ಪಸ ತೊಟ್ಟಿದ್ದನ್ನು ಮಂಗಲಾ ನೋಡಿದ್ದಳು. ತಂಗಿಯ ಮನೆಗೆ ಹೋಗುವವರು ಹೊಸದನ್ನೇಕೆ ತೊಡಲಿಲ್ಲ ಎಂಬ ಪ್ರಶ್ನೆ ತಲೆಯೊಳಗೆ ಬಂದು, ಹಾಲು ಉಕ್ಕಿದ ಗಡಿಬಿಡಿಯಲ್ಲಿ ಹೊರಟುಹೋಗಿತ್ತು. ಹಿಂದಿನ ದಿನವಷ್ಟೇ ತುಳಸಿಯ ಬುಡದ ಮಣ್ಣು ಕೆದಕುವಾಗ ಅತ್ತೆಗೆ ತಾನೇ ಎಣಿಸಿ ಕೊಟ್ಟಿದ್ದ ಕೆಂಪು ಗುಳಿಗೆಗಳು ಅರ್ಧ ಕರಗಿ ಸಿಕ್ಕಿದ್ದವು. ತುಳಸಿ ಸೊಂಪಾಗಿ ಬೆಳೆದಿತ್ತು. ಅವಳು ಏನೂ ಅನ್ನದೆ ಮಣ್ಣು ಮುಚ್ಚಿದಳು. ತಾಲೂಕಿನ ಹಳ್ಳಿಹಳ್ಳಿಗೆ ಹೋಗಿ ಬಸುರಿಯರಿಗೆ, ಬಾಣಂತಿಯರಿಗೆ ಗುಳಿಗೆ ನುಂಗಿಸುವ ಅಧಿಕಾರಿಗೆ ಸ್ವಂತ ಮನೆಯಲ್ಲಿ ಒಂದು ಗಂಟಲು ಒಲಿದಿರಲಿಲ್ಲ. ಸೋನಾಬಾಯಿಗೆ ಔಷಧವೆಂದರೆ ಸೂಜಿ, ಅದೂ ಸರಕಾರದ್ದಲ್ಲ. “ನಿಮ್ಮ ಸೂಜಿ ಒಳಗ ಹೋದ ಕೂಡ್ಲೇ ಉರೀತೈತಿ,” ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಅಂದಿದ್ದರು, “ಆ ಏಕಸಂಬಿ ಡಾಕ್ಟರ್ದು ನೋಡು, ತಂಪ ಇರತೈತಂತ.” ಮಂಗಲಾ ನಕ್ಕಿದ್ದಳು. ಜನ ಔಷಧಕ್ಕೂ ಊಟಕ್ಕೂ ಉಷ್ಣ, ತಂಪು ಎಂದು ಹೆಸರಿಡುತ್ತಾರೆ. ಆ ಮಾತನ್ನು ಅವಳು ಇಂಥ ನೂರು ಮಾತುಗಳ ಜೊತೆ ಒಂದು ಮೂಲೆಗೆ ಇಟ್ಟುಬಿಟ್ಟಿದ್ದಳು.

ಅವಳನ್ನು ಇಲ್ಲಿಗೆ ಎಳೆದು ತಂದದ್ದು ಬೇರೆ ಸಂಗತಿ. ಈ ಸುಗ್ಗಿಯಲ್ಲಿ ಮೂವರು ಹೆಂಗಸರು ತೋಳಿನ ಬಾವು ಹೊತ್ತು ಚಿಕ್ಕೋಡಿಯ ಸರಕಾರಿ ಆಸ್ಪತ್ರೆಗೆ ಬಂದಿದ್ದರು. ಮೂವರ ಬಾವನ್ನೂ ಅವಳೇ ಕೊಯ್ದಿದ್ದಳು. ಕೊನೆಯವಳು ಕೆಂಪವ್ವ ಎಂಬ ಕಬ್ಬು ಕಡಿಯುವ ಹೆಂಗಸು. ಕೊಯ್ದ ಗಾಯ ವಾರಗಟ್ಟಲೆ ಮಾಯದೆ ಈಗಲೂ ಕುಡುಗೋಲು ಹಿಡಿಯಲಾರದೆ ಗುಡಿಸಲಲ್ಲಿ ಕೂತಿದ್ದಾಳೆ. ಸಾಮಾನ್ಯ ಕೀವು ಹೀಗೆ ಹಟ ಮಾಡುವುದಿಲ್ಲ. ಮಂಗಲಾ ಅದನ್ನು ಮೀರಜಿನ ಪ್ರಯೋಗಾಲಯಕ್ಕೆ ಕಳಿಸಿ, ಬೇಗ ಎಸೆದುಬಿಡಬೇಡಿ, ನಿಧಾನವಾಗಿ ಬೆಳೆಯುವುದೇನಾದರೂ ಇರಬಹುದು ಎಂದು ಕೇಳಿಕೊಂಡಿದ್ದಳು. ಬೆಳೆದದ್ದು ನೀರಿನಲ್ಲಿ, ಮಣ್ಣಿನಲ್ಲಿ ಬದುಕುವ ಒಂದು ಕ್ರಿಮಿ. ಮೂವರೂ ಸೂಜಿ ಮಾಡಿಸಿಕೊಂಡದ್ದು ಏಕಸಂಬಿಯ ಇದೇ ಡಾಕ್ಟರರ ಹತ್ತಿರ. ಹಾಗಾದರೆ ಈ ದವಾಖಾನೆಯಲ್ಲಿ ಎಲ್ಲೋ ಒಂದು ಕಡೆ ಕುದಿಸದ ನೀರು ಸೂಜಿಯನ್ನು ಮುಟ್ಟುತ್ತಿದೆ. ಈ ತೀರ್ಮಾನಕ್ಕೆ ಬಂದಾಗ ಅವಳಿಗೆ ಆದ ಸಂತೋಷ ಕೆಂಪವ್ವನ ತೋಳಿನ ಮುಂದೆ ನಾಚಿಕೆಗೇಡಿನದಾಗಿತ್ತು, ಆದರೂ ಸಂತೋಷವಾಗಿತ್ತು.

ಮಗದುಮ್ ಡಾಕ್ಟರು ಎದ್ದು ಬಂದು ಬರಮಾಡಿಕೊಂಡರು. ಬಾಬಾಸಾಹೇಬ ಮಗದುಮ್, ದ್ರಾಕ್ಷಿ ತೋಟದ ಮನೆತನದವರು, ಬಿಳಿ ಪ್ಯಾಂಟು, ಹಣೆಯ ಮೇಲೆ ಗಂಧದ ಸಣ್ಣ ಬೊಟ್ಟು. “ಬರ್ರಿ ಬಾಯಿ, ಕೂಡ್ರಿ,” ಎಂದು ರೋಗಿಗಳು ಕೂರುವ ಸ್ಟೂಲನ್ನೇ ತೋರಿಸಿದರು. ಬೇರೆ ಕುರ್ಚಿ ಇರಲಿಲ್ಲವೆಂದಲ್ಲ, ಹೆಂಗಸೊಬ್ಬಳು ಕೋಣೆಗೆ ಬಂದರೆ ಕೈ ತಾನಾಗಿ ಆ ಕಡೆ ಹೋಗುತ್ತಿತ್ತು. ಅವಳು ಕೂರಲಿಲ್ಲ. ಅವರೂ ತಪ್ಪು ತಿಳಿಯದೆ, ಮನೆ ತೋರಿಸುವವರ ಉತ್ಸಾಹದಲ್ಲಿ, ಪರದೆಯಾಚೆಯ ಸಣ್ಣ ಕೋಣೆಗೆ ಕರೆದೊಯ್ದರು. ಅಲ್ಲಿ ಪಂಪ್ ಸ್ಟೋವಿನ ಮೇಲೆ ಉಕ್ಕಿನ ಪೆಟ್ಟಿಗೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ತಳದಲ್ಲಿ ಗಾಜಿನ ಸಿರಿಂಜುಗಳು ಮೀನಿನಂತೆ ಹೊರಳುತ್ತಿದ್ದವು. “ಕರೆಂಟ್ ಇರ್ಲಿ ಬಿಡ್ಲಿ, ದವಾಖಾನಿ ಬಾಗಿಲ ತಗದಿರೂತನಕ ಈ ಸ್ಟೋವ್ ಆರಂಗಿಲ್ಲ. ಈ ಬಾಗಿಲಾ ಯಾಕ ತಗದಿಟ್ಟೀನಿ ಗೊತ್ತೇನ್ರಿ? ಕಟ್ಟಿ ಮ್ಯಾಲ ಕುಂತವರಿಗೆ ಉಗಿ ಕಾಣಬೇಕು. ಉಗಿ ಕಂಡ್ರ ಮಂದಿಗೆ ಧೈರ್ಯ.” ಅದು ಡಂಭವಾಗಿರಲಿಲ್ಲ. ಸುತ್ತಲಿನ ಊರುಗಳಲ್ಲಿ ಒಂದೇ ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹತ್ತು ಜನಕ್ಕೆ ಚುಚ್ಚುವವರನ್ನು ಅವಳು ಕಂಡಿದ್ದಳು. ಈ ಮನುಷ್ಯ ಪ್ರಾಮಾಣಿಕ ಎಂದು ಅವಳಿಗೆ ಒಳಗೇ ಅನ್ನಿಸಿತು, ಮತ್ತು ಆ ಅನ್ನಿಸಿಕೆ ತನ್ನ ಕೆಲಸಕ್ಕೆ ಅಡ್ಡ ಬರುತ್ತದೆಂದು ಅದನ್ನು ಬದಿಗಿಟ್ಟಳು.

“ನಾ ಇಲ್ಲೇ ಮೂಲ್ಯಾಗ ಕೂಡ್ತೀನ್ರಿ,” ಎಂದಳು. “ನೀವು ನಿಮ್ಮ ಕೆಲಸಾ ಮಾಡ್ರಿ. ನಾ ಇಲ್ಲ ಅಂತ ತಿಳೀರಿ.”

“ಇದ್ದವರನ್ನ ಇಲ್ಲ ಅಂತ ಹೆಂಗ ತಿಳ್ಯೂದ್ರಿ?” ಎಂದು ನಕ್ಕು ಅವರು ಪರದೆಯಾಚೆ ತಮ್ಮ ಕುರ್ಚಿಗೆ ಹೋದರು. ಕಂಪೌಂಡರ್ ಗುರಪ್ಪ ಮಾತ್ರ ಉಳಿದ. ಐವತ್ತು ದಾಟಿದವನು, ಮೊದಲು ಅವಳ ಕಡೆ ನೋಡಿ ನೋಡಿ ಕೆಲಸ ಮಾಡಿದ, ಆಮೇಲೆ ಮರೆತ. ಜನರನ್ನು ಮರೆಯಿಸುವುದು ಅವಳಿಗೆ ಗೊತ್ತಿತ್ತು. ಕಣ್ಣು ಗೋಡೆಯ ಮೇಲಿರಬೇಕು, ಕೈ ಕೆಲಸವಿಲ್ಲದೆ ಮಡಿಲಲ್ಲಿರಬೇಕು, ಒಮ್ಮೆ ಆಕಳಿಸಬೇಕು. ಎಷ್ಟು ಸಲ ನೋಡಬೇಕು ಎಂಬುದೂ ಅವಳಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು: ಮೂರು. ಅದೂ ಅದೇ ಮೇಷ್ಟ್ರು ಕೊಟ್ಟದ್ದು. ಒಂದು ಸಲ ಕಂಡದ್ದು ಕೈತಪ್ಪು ಇರಬಹುದು, ಎರಡನೆಯದು ಆಕಸ್ಮಿಕ ಇರಬಹುದು, ಮೂರನೆಯ ಸಲವೂ ಕಂಡರೆ ಅದು ಆ ಮನುಷ್ಯನ ರೀತಿ. ಆಮೇಲೆ ಯಾರೂ ಇಲ್ಲವೆನ್ನುವಂತಿಲ್ಲ. ಈ ನಿಯಮ ಅವಳನ್ನು ಎಷ್ಟೋ ಸಲ ಕಾಪಾಡಿತ್ತು; ಹೆಣ್ಣು ಅಧಿಕಾರಿ ಅವಸರಪಟ್ಟಳು, ಸಿಟ್ಟಿಗೆದ್ದಳು ಎಂದು ಆಡಿಕೊಳ್ಳಲು ಅದು ಯಾರಿಗೂ ಜಾಗ ಕೊಟ್ಟಿರಲಿಲ್ಲ.

ಪರದೆಯಾಚೆ ಒಬ್ಬ ಹೆಂಗಸು ಬಂದು ಕೂತ ಸದ್ದಾಯಿತು. ಉಣ್ಣೆಯ, ಹಟ್ಟಿಯ ವಾಸನೆ ಬಂತು. ಹೆಸರು ಮಲಕವ್ವ, ಜ್ವರ, ಮೈಕೈ ನೋವು, ಧರೆಪ್ಪನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದೇವೆ ಎಂದು ಅವಳು ದೊಡ್ಡ ದನಿಯಲ್ಲಿ ಹೇಳುವುದು ಕೇಳಿಸಿತು, ಡಾಕ್ಟರಲ್ಲ, ಹೊಲದಾಚೆಯ ಯಾರೋ ಎದುರಿಗಿದ್ದಂತೆ. “ಗುರಪ್ಪಾ,” ಎಂದು ಡಾಕ್ಟರು ಔಷಧದ ಹೆಸರು ಹೇಳಿದರು. ಗುರಪ್ಪ ಚಿಮುಟದಿಂದ ಸಿರಿಂಜು ಎತ್ತಿದ. ಸರಿ. ಸೂಜಿ ಎತ್ತಿದ, ಕೈ ತಾಗಿಸದೆ ಕೂಡಿಸಿದ. ಸರಿ. ಮಂಗಲಾಳಿಗೆ ಒಂದು ಬಗೆಯ ನಿರಾಸೆಯೂ ಆಗತೊಡಗಿತ್ತು. ಆಗ ಗುರಪ್ಪ ಎಡಗೈಯಿಂದ, ನೋಡದೆಯೇ, ಕಿಟಕಿಯ ಮೇಲಿದ್ದ ಹಿತ್ತಾಳೆ ತಂಬಿಗೆಯನ್ನು ಹತ್ತಿರ ಎಳೆದ. ಬಾಗಿಲ ಬಳಿ ಜನ ಕುಡಿಯಲು ಇಟ್ಟಿದ್ದ ಮಣ್ಣಿನ ಗಡಿಗೆಯಿಂದ ತುಂಬಿ ತಂದ ನೀರು. ಅದರಲ್ಲಿ ಲಾವಂಚದ ಬೇರಿನ ಎಳೆಯೊಂದು ತೇಲುತ್ತಿತ್ತು. ಬಿಸಿ ಸಿರಿಂಜನ್ನು ಅದರಲ್ಲಿ ಅದ್ದಿ, ನೀರು ಒಳಗೆಳೆದು, ಕಿಟಕಿಯಿಂದ ಹೊರಗೆ ಚಿಮ್ಮಿಸಿದ. ಮತ್ತೆ ಎಳೆದು ಮತ್ತೆ ಚಿಮ್ಮಿಸಿದ. ಊಟವಾದ ಮೇಲೆ ಬಾಯಿ ಮುಕ್ಕಳಿಸುವಷ್ಟು ಸಹಜವಾಗಿತ್ತು. ಆಮೇಲೆ ಸೀಸೆಯಿಂದ ಔಷಧ ತುಂಬಿ, ಮೇಲೆ ಬಿಳಿ ಗಾಜ್ ಬಟ್ಟೆ ಹೊದಿಸಿ, ದೇವರ ನೈವೇದ್ಯದಂತೆ ಎರಡೂ ಕೈಯಲ್ಲಿ ತಾಟು ಹಿಡಿದುಕೊಂಡು ಪರದೆಯತ್ತ ನಡೆದ.

ಅವಳು ಏಳಲಿಲ್ಲ. ಅವಳ ಮೂಲೆಯಿಂದ ಪರದೆಗೆ ನಾಲ್ಕು ಹೆಜ್ಜೆ, ಗುರಪ್ಪನ ನಡಿಗೆ ನಿಧಾನ. ‘ತಡೀರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಆಮೇಲೆ ಅವಳು ತನಗೆ ತಾನೇ ಹೇಳಿಕೊಳ್ಳಲು ನೋಡಿದಳು, ಆದರೆ ಬಂದಿರಲಿಲ್ಲ. ಬಂದದ್ದು ಇಷ್ಟೇ: ಒಂದು. ತಿಂಗಳುಗಟ್ಟಲೆ ಹುಡುಕಿದ ನೀರು ಕಣ್ಣೆದುರು ತಂಬಿಗೆಯಲ್ಲಿತ್ತು, ಲಾವಂಚದ ವಾಸನೆಯ ಸಮೇತ, ಮತ್ತು ಅವಳ ಎದೆ ಪರೀಕ್ಷೆಯ ಫಲಿತಾಂಶ ನೋಡಿದವಳಂತೆ ಹಾರುತ್ತಿತ್ತು. ಪರದೆಯಾಚೆ ಬಳೆಗಳು ಮೇಲೆ ಸರಿದ ಸದ್ದು. “ತಂಪ ಐತ್ರಿ,” ಎಂದಿತು ಮಲಕವ್ವನ ದೊಡ್ಡ ದನಿ, ಸಮಾಧಾನದಿಂದ.

ಆಮೇಲೆ ಬಂದ ದನಿಯನ್ನು ಅವಳು ಮೊದಲು ಕೆಮ್ಮಿನಿಂದಲೇ ಗುರುತಿಸಿದಳು. ಗೋಡೆಯ ಮೇಲಿದ್ದ ಕಣ್ಣು ಅಲ್ಲೇ ಉಳಿಯಿತು. “ಕೆಂಪ ಸೂಜಿ ಮಾಡ್ರಿ ಡಾಕ್ಟರ್, ಶಕ್ತೀದು,” ಎನ್ನುತ್ತಿದ್ದರು ಸೋನಾಬಾಯಿ; ಸರದಿಗೆ ಕಟ್ಟೆಯ ಮೇಲೆ ಚೀಲವಿಟ್ಟು ಪೇಟೆಗೆ ಹೋಗಿ ಬಂದಿರಬೇಕು. “ಮನ್ಯಾಗ ಸೊಸಿ ಡಾಕ್ಟರ್ ಅದಾಳ್ರಿ. ಗುಳಿಗಿ ಕೊಡ್ತಾಳ. ಗುಳಿಗಿ ಏನ್ ಮಾಡ್ತಾವ್ರಿ?”

“ಸೊಸಿ ಯಾವ ಡಾಕ್ಟರ್ರೀ?”

“ಸರಕಾರಿ,” ಎಂದರು ಸೋನಾಬಾಯಿ, ನೆರೆಮನೆಯವರ ಮಗನ ಕುಡಿತದ ಸುದ್ದಿ ಹೇಳುವ ದನಿಯಲ್ಲಿ. ಡಾಕ್ಟರಿಗೆ ನಗು ಬಂದು, ಪಕ್ಕದ ಕೋಣೆಯಲ್ಲಿ ಕೂತವಳ ನೆನಪಾಗಿ ಅದು ಕೆಮ್ಮಾಯಿತು. ಮಂಗಲಾಳ ಕಿವಿ ಬಿಸಿಯಾಯಿತು. ನಿಪ್ಪಾಣಿಯ ತಂಗಿ, ಸಡಿಲ ತೋಳಿನ ಕುಪ್ಪಸ, ತುಳಸಿಯ ಮಣ್ಣು ಎಲ್ಲ ಒಂದೇ ಸಾಲಿನಲ್ಲಿ ಬಂದು ನಿಂತವು. ಅಷ್ಟರಲ್ಲಿ ಗುರಪ್ಪ ಚಿಮುಟ ಹಿಡಿದಿದ್ದ. ಸಿರಿಂಜು, ಸೂಜಿ, ತಂಬಿಗೆ. ಎಳೆದ, ಚಿಮ್ಮಿಸಿದ, ಎಳೆದ, ಚಿಮ್ಮಿಸಿದ. ಕೆಂಪು ಔಷಧ ಗಾಜಿನೊಳಗೆ ಏರಿತು.

“ತಡೀರಿ.”

ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಗುರಪ್ಪ ಅಲ್ಲೇ ನಿಂತ. ಅವಳು ತಾಟನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟು ಪರದೆ ಸರಿಸಿದಳು. ತೋಳು ಬಿಟ್ಟುಕೊಂಡು, ಮುಖ ಅತ್ತ ತಿರುಗಿಸಿ, ಹಲ್ಲು ಕಚ್ಚಿ ಕೂತಿದ್ದ ಸೋನಾಬಾಯಿ ಇತ್ತ ತಿರುಗಿದರು. ಅವರ ಮುಖದಲ್ಲಿ ಗಾಬರಿ ಬಂತು, ಹೋಯಿತು. ಸೆರಗು ತೋಳಿನ ಮೇಲೆ ಬಂತು.

“ಇಕಿ ಮಂಗಲಾ,” ಎಂದರು ಡಾಕ್ಟರಿಗೆ, ಪರಿಚಯ ಮಾಡಿಸುವವರಂತೆ.

“ಇವರ ಏನ್ರಿ ಸರಕಾರಿ?” ಎಂದರು ಮಗದುಮ್.

ಮಂಗಲಾ ಆ ಮಾತನ್ನು ದಾಟಿದಳು. ಡಾಕ್ಟರನ್ನು ಒಳಗೆ ಕರೆದು, ಗುರಪ್ಪನಿಗೆ ಇನ್ನೊಮ್ಮೆ ಮಾಡಿ ತೋರಿಸು ಎಂದಳು. ಅವನಿಗೆ ಹೆದರಿಕೆಯೇನೂ ಇರಲಿಲ್ಲ. ಹೇಗೆ ಮಾಡುತ್ತಿದ್ದನೋ ಹಾಗೆಯೇ ಮಾಡಿ ತೋರಿಸಿದ. ತಂಬಿಗೆಯ ನೀರು ಕಿಟಕಿಯಾಚೆ ಚಿಮ್ಮುವಾಗ ಮಗದುಮ್ ಡಾಕ್ಟರ ಕೈ ತಾನಾಗಿ ಮುಂದೆ ಬಂದು, ಗಾಳಿಯಲ್ಲಿ ನಿಂತಿತು.

“ಇದನ್ನ ಯಾರ ಕಲಿಸ್ಯಾರಲೇ ನಿನಗ?”

“ನೀವ ಹೇಳಿದ್ರಲ್ರಿ, ಸಾಹೇಬ್ರ. ಕಾಗವಾಡದ ಆ ಮುದುಕಿ ಸೂಜಿ ಸುಟ್ಟಿತು, ಮೈಯಾಗ ಉಷ್ಣ ಹೊಕ್ಕಿತು ಅಂತ ಒದರಿದ್ಲಲ್ರಿ, ಆವಾಗ. ತಂಪ ಮಾಡಿ ತಾರಲೇ ಅಂದ್ರಿ. ಅವತ್ತಿನಿಂದ ತಂಪ ಮಾಡೇ ತರ್ತೀನಿ.”

“ಮುಚ್ಚಳಾ ಮುಚ್ಚಿ ಆರಾಕ ಬಿಡು ಅಂತ ಅದರ ಅರ್ಥ.”

“ಹೊರಗ ಇಷ್ಟ ಮಂದಿ ಕುಂತಿರತಾರ, ಆರೂತನಕ ಯಾರ ತಡೀತಾರ್ರಿ? ಏನ್ ಹೊಲಸ ನೀರಲ್ಲ ಅದು. ನಾನೂ ಕುಡೀತೀನಿ, ನೀವೂ ಕುಡೀತೀರಿ.”

ಅದು ನಿಜವಾಗಿತ್ತು. ಕುಡಿದರೆ ಏನೂ ಮಾಡದ ನೀರು, ಮಾಂಸದೊಳಗೆ ಹೊಕ್ಕರೆ ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಬಾವಾಗುತ್ತದೆ. ಮಂಗಲಾ ಅದನ್ನು ವಿವರಿಸಿದಳು. ಮೂವರು ಹೆಂಗಸರನ್ನು, ಮೀರಜಿನಿಂದ ಬಂದ ಉತ್ತರವನ್ನು, ಕೆಂಪವ್ವನ ಗಾಯದ ಆಳವನ್ನು ದನಿ ಏರಿಸದೆ ಹೇಳಿದಳು. ಹೇಳುತ್ತ ಹೋದಂತೆ ತನ್ನ ಮಾತಿನ ಸ್ಪಷ್ಟತೆ ಅವಳಿಗೇ ಇಷ್ಟವಾಯಿತು. ಮಗದುಮ್ ವಾದಿಸಲಿಲ್ಲ. ಪರದೆಯಾಚೆ ಹೋಗಿ, ಸೋನಾಬಾಯಿ ಎದ್ದು ಬಿಟ್ಟ ರೋಗಿಗಳ ಸ್ಟೂಲಿನ ಮೇಲೆ ಕೂತರು. “ಊರಾಗ ನನ್ನ ಸೂಜಿ ತಂಪ ಅಂತಾರ್ರಿ,” ಎಂದರು. “ನಾ ಅದು ನನ್ನ ಕೈಗುಣ ಅಂತ ತಿಳಿದಿದ್ದೆ.”

ಅವಳಿಗೆ ಆ ಮನುಷ್ಯನ ಮೇಲೆ ಮರುಕ ಬಂದಿತು, ಆದರೆ ಆಜ್ಞೆ ಕೊಡಲು ಮರುಕ ಅಡ್ಡಿಯಾಗಲಿಲ್ಲ. ಇಂದಿನಿಂದ ಯಾರಿಗೂ ಸೂಜಿ ಇಲ್ಲ. ನಾಳೆ ಆಸ್ಪತ್ರೆಯಿಂದ ಉಗಿಯ ಕುಕ್ಕರ್ ಬರುತ್ತದೆ. ಸಿರಿಂಜು ಅದರಲ್ಲೇ ಬೇಯಬೇಕು, ಅದರಲ್ಲೇ ಆರಬೇಕು, ಎಷ್ಟು ಜನ ಕಾದರೂ ಸರಿ. ತಾನು ಬಂದು ನೋಡಿ ಹೇಳುವ ತನಕ ಸೂಜಿಗೆ ಬೀಗ. ಇಷ್ಟು ದಿನ ಸೂಜಿ ಮಾಡಿಸಿಕೊಂಡವರಲ್ಲಿ ಯಾರ ತೋಳಲ್ಲಿ ಗಂಟು ಬಂದರೂ ಚಿಕ್ಕೋಡಿಗೆ ಬರಬೇಕು, ಅದನ್ನು ಡಾಕ್ಟರೇ ಜನಕ್ಕೆ ಹೇಳಬೇಕು. “ಏನಂತ ಹೇಳ್ಲ್ರಿ?” “ಇದ್ದದ್ದನ್ನ.” ಅವರು ಎದ್ದು ಕಟ್ಟೆಗೆ ಹೋದರು. ಇದ್ದದ್ದನ್ನೇ ಹೇಳಿದರು ಕೂಡ. ಹೇಳಿ ಮುಗಿಸಿದ ಮೇಲೆ ಒಬ್ಬ ಮುದುಕ ಭಾವುಸಾಹೇಬನ ಕಡೆ ನೋಡಿ, “ಈ ಸಾಹೇಬ್ರು ಬಂದಾರಂತ ಇವತ್ತ ಸೂಜಿ ಬಂದ್ ಏನ್ರಿ? ನಾಳಿ ಬರ್ಲೇನ?” ಎಂದ.

ಒಳಗೆ ಬಂದ ಮಗದುಮ್‌ಗೆ ಅವಳು, “ಮೊದಲ ಬಂದಿದ್ಲಲ್ರಿ, ಕುರಿಯವರ ಹೆಣ್ಮಗಳು. ಧರೆಪ್ಪನ ಹೊಲ ಎಲ್ಲಿ ಬರತೈತಿ?” ಎಂದು ಕೇಳಿದಳು.

“ಆಕಿಗೆ ಯಾಕ ಅಂಜಸ್ತೀರಿ ಮೇಡಂ? ನೂರರಾಗ ಒಬ್ಬರಿಗೆ ಆಗಬಹುದು. ನೀವ ಕಂಡೀರಲ್ಲ, ಆಗದವರ ಹೆಚ್ಚು.” ಬಾಯಿ ಎಂಬುದು ಮೇಡಂ ಆದದ್ದನ್ನು ಅವಳು ಗಮನಿಸಿದಳು. ಸ್ವಲ್ಪ ಹೊತ್ತು ಮೊದಲಾಗಿದ್ದರೆ ಅದು ಅವಳಿಗೆ ಹಿತವೆನಿಸುತ್ತಿತ್ತು.

ಜೀಪಿನಲ್ಲಿ ಸೋನಾಬಾಯಿ ಹಿಂದಿನ ಸೀಟಿನಲ್ಲಿ ಕೂತರು. ರಸ್ತೆಯ ಎರಡೂ ಬದಿಗೆ ಕಬ್ಬು, ನಡುನಡುವೆ ಕಡಿದ ಹೊಲಗಳಲ್ಲಿ ಒಣಗಿದ ಸೋಗೆಯ ರವದಿ. “ನಿನಗ ಅನಬೇಕಂತ ಅಂದದ್ದಲ್ಲವಾ ಅದು,” ಎಂದರು ಸೋನಾಬಾಯಿ. “ಅಲ್ಲಿ ಎಲ್ಲಾರೂ ತಂತಮ್ಮ ಸೊಸ್ತೇರ ಸುದ್ದಿ ಹೇಳ್ತಿರತಾರ. ನಾ ಒಬ್ಬಾಕಿ ಸುಮ್ಮ ಕುಂತ್ರ ಏನ ತಿಳೀತಾರ?”

“ನಿಪ್ಪಾಣಿಯೊಳಗ ಎಲ್ಲಾರೂ ಆರಾಮ ಅದಾರೇನ್ರಿ, ಅತ್ತ್ಯಾರ?”

ಭಾವುಸಾಹೇಬ ರಸ್ತೆಯನ್ನು ಬಹಳ ಎಚ್ಚರದಿಂದ ನೋಡತೊಡಗಿದ. ಸೋನಾಬಾಯಿ ನಗಲಿಲ್ಲ. ಮುಂದಕ್ಕೆ ಬಾಗಿ ಸೊಸೆಯ ಹೆಗಲ ಮೇಲೆ ಕೈ ಇಟ್ಟರು. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಆ ಕೈ ಅಲ್ಲಿಗೆ ಬಂದದ್ದು ಕಡಿಮೆ. “ಏನ ಅನ್ನು. ಓಡಿ ಬಂದ ತಡದಿ. ಹೊಟ್ಯಾಗ ಹುಟ್ಟಿದವರೂ ಹಂಗ ಬರತಿದ್ದಿಲ್ಲ.” ಹೆಗಲಿನ ಮೇಲಿನ ಆ ಬೆಚ್ಚಗಿನ ಭಾರವನ್ನು ಮಂಗಲಾ ಸರಿಸಲಾರದೆ, ಹೊರಲಾರದೆ ಕೂತಳು. ಮೂರು ಸಲ ನೋಡಬೇಕಿತ್ತು. ಎರಡಕ್ಕೆ ಸಾಕೆನ್ನಿಸಿತು ಎಂದು ಯಾರಿಗಾದರೂ ಹೇಳಬಹುದು, ಹೇಳಿದರೆ ಅದರಲ್ಲಿ ತಪ್ಪು ಹಿಡಿಯುವವರಿಲ್ಲ. ಆದರೆ ಎರಡನೆಯ ಸಲ ಪರದೆಯಾಚೆ ಕೆಮ್ಮಿದ್ದು ಬೇರೊಬ್ಬರಾಗಿದ್ದರೆ? ತನ್ನನ್ನು ತಾನು ಅವಳು ಚೆನ್ನಾಗಿ ಬಲ್ಲಳು. ಅವಳು ಗೋಡೆ ನೋಡುತ್ತಿದ್ದಳು. ಒಮ್ಮೆ ಆಕಳಿಸುತ್ತಿದ್ದಳು. ಎರಡು ಎಂದುಕೊಂಡು, ಕಟ್ಟೆಯ ಮೇಲಿಂದ ಮೂರನೆಯವರು ಎದ್ದು ಬರಲೆಂದು ಕಾಯುತ್ತಿದ್ದಳು. ಇದರಲ್ಲಿ ವಿಚಿತ್ರವೆಂದರೆ, ನಿಯಮ ಮುರಿದದ್ದೇ ಸರಿಯಾಗಿತ್ತು, ಪಾಲಿಸಿದ್ದೇ ತಪ್ಪಾಗಿತ್ತು. ಮುರಿದ ಕಾರಣ ಮಾತ್ರ ಹೇಳಿಕೊಳ್ಳುವಂಥದಲ್ಲ. ಗಾಜಿನ ತಟ್ಟೆಯಲ್ಲಿ ಕ್ರಿಮಿ ಬೆಳೆಸುವವರು ಮೂರು ತಟ್ಟೆ ಇಡಬಹುದು. ಮಲಕವ್ವನ ತೋಳು ತಟ್ಟೆಯಾಗಿರಲಿಲ್ಲ. ಇಷ್ಟು ಸರಳ ಸಂಗತಿಯನ್ನು ಕಲಿಯಲು ಅತ್ತೆಯ ಕೆಮ್ಮು ಬೇಕಾಯಿತಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಮುಂದೇನು ಮಾಡಬೇಕೆಂಬುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ.

ಧರೆಪ್ಪನ ಹೊಲದಲ್ಲಿ ಕುರಿಗಳು ಬಲೆಯ ದಡ್ಡಿಯೊಳಗೆ ಒತ್ತಿಕೊಂಡು ನಿಂತಿದ್ದವು. ಕುದುರೆಯ ಮೇಲೆ ಹೇರಲು ಸಾಮಾನು ಕಟ್ಟಿಡುತ್ತಿದ್ದ ಮಾಳಸಿದ್ದ ಜೀಪು ಕಂಡು ಎದ್ದು ನಿಂತ. ಅವನ ಹೆಂಡತಿ ಮಲಕವ್ವ ಕಂಬಳಿ ಹೊದ್ದು ಬೇವಿನ ಗಿಡದ ನೆರಳಲ್ಲಿ ಕೂತಿದ್ದಳು. ಮುಖ ಕಂಡದ್ದು ಮಂಗಲಾಳಿಗೆ ಅದೇ ಮೊದಲು. ದನಿಯಿಂದ ಅಂದುಕೊಂಡದ್ದಕ್ಕಿಂತ ಚಿಕ್ಕವಳು. ಮಂಗಲಾ ಅವಳ ಎದುರಿಗೆ ಮಣ್ಣಿನಲ್ಲೇ ಕೂತಳು. ಹಸಿರು ಹಚ್ಚೆಯ ಚುಕ್ಕಿಗಳ ಕೆಳಗೆ ಸೂಜಿಯ ಗುರುತು ಸಾಸಿವೆಯಷ್ಟಿತ್ತು. ಅದರ ಸುತ್ತ ಬೆರಳಿಂದ ಒತ್ತಿ ನೋಡಿ, ಆದದ್ದನ್ನು ಹೇಳಿದಳು. ತಂಬಿಗೆ, ನೀರು, ಈ ಜಾಗದಲ್ಲಿ ಮುಂದೆ ಗಂಟು ಬರಬಹುದು, ಬರದೆಯೂ ಇರಬಹುದು, ಬಂದರೆ ಬರೆ ಹಾಕಬಾರದು, ಮುಳ್ಳಿನಿಂದ ಒಡೆಯಬಾರದು. ಮಲಕವ್ವ ಕೇಳಿದಳು. ಕುರಿಯ ಮೈಮೇಲಿನ ಬಾವಿನ ಬಗ್ಗೆ ಕೇಳುವಂತೆ, ಅವಸರವಿಲ್ಲದೆ.

“ನಿಮಗ ಹೆಂಗ ಗೊತ್ತಾತ್ರಿ?”

“ನಾ ಅಲ್ಲೇ ಒಳಗ ಕುಂತಿದ್ದೆ. ಕಂಡೆ.”

“ಕಂಡ್ರಿ, ಸುಮ್ಮ ಇದ್ರಿ?”

“ಮೂರ ಸಲಾ ನೋಡಿ ಆಮ್ಯಾಲ ಹೇಳಬೇಕಂತ ಇದ್ದೆ. ಮೊದಲನೇದಾಕಿ ನೀ. ಎರಡನೇದಕ್ಕ ತಡದೆ.”

ಮಲಕವ್ವ ಕಂಬಳಿಯನ್ನು ಹೆಗಲ ಮೇಲೆ ಸರಿ ಮಾಡಿಕೊಂಡಳು. ದಿನಾ ಸಂಜೆ ಮಂದೆಯನ್ನು ಲೆಕ್ಕ ಹಾಕಿ ಒಳಗೆ ಬಿಡುವ ಕಣ್ಣು ಮಂಗಲಾಳ ಮೇಲೆ ನಿಂತಿತು. “ಮೂರಂದ್ರಿ. ಎರಡಕ್ಕ ಯಾಕ ತಡದ್ರಿ?”

ಎರಡಕ್ಕೇ ಖಾತ್ರಿಯಾಯಿತು ಎಂಬ ಉತ್ತರ ಸಿದ್ಧವಾಗಿತ್ತು. ಅದು ಸುಳ್ಳೂ ಅಲ್ಲ. ಮಂಗಲಾ ಅದನ್ನು ಬಾಯಿಯವರೆಗೆ ತಂದು ಬಿಟ್ಟಳು.

“ಎರಡನೇದವರು ನಮ್ಮತ್ತಿ.”

ಮಲಕವ್ವ ಜೀಪಿನ ಕಡೆ ನೋಡಿದಳು. ಸೋನಾಬಾಯಿ ತಲೆ ಹೊರಗೆ ಹಾಕಿ ಮಾಳಸಿದ್ದನಿಗೆ ಕಂಬಳಿಯ ಬೆಲೆ ಕೇಳುತ್ತಿದ್ದರು. “ಅವರೇನು?”

“ಹೌದು.”

“ನಾ ಇದ್ರೂ ಹಂಗ ಮಾಡ್ತಿದ್ನಿ,” ಎಂದಳು ಮಲಕವ್ವ. ಸ್ವಲ್ಪ ಯೋಚಿಸಿ, “ಅತ್ತಿ ಇದ್ರ ಮಾಡ್ತಿದ್ನೋ ಇಲ್ಲೋ, ಅವ್ವ ಇದ್ರ ಮಾಡ್ತಿದ್ನಿ. ಖರೆ ನಾ ಸರಕಾರಿ ಅಲ್ಲಲ್ರಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಂದು ಕುರಿ ಕುಂಟುತ್ತಿದ್ದರೆ ಕುಂಟುತ್ತಿದೆ ಎಂದು ಹೇಳುವಷ್ಟೇ ಇತ್ತು. ಮಂಗಲಾ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ ಅನ್ನಿಸಿತು. “ಅಲ್ಲ,” ಎಂದಳು. “ನಾ ಸರಕಾರಿ. ಗಂಟು ಬಂದಂಗ ಆದ್ರ ಚಿಕ್ಕೋಡಿಗೆ ಬಾ. ನನ್ನ ಹೆಸರ ಹೇಳು.”

“ಕುರಿ ಬಿಟ್ಟ ಯಾರ ಬರ್ತಾರ್ರಿ? ನೀವ ಬರ್ರಿ.”

“ಏ, ಬಾಯಾರ ಜೋಡಿ ಹಂಗ ಮಾತಾಡ್ತಾರೇನ?” ಎಂದು ಮಾಳಸಿದ್ದ ಅಲ್ಲಿಂದಲೇ ಗದರಿದ.

“ಮತ್ತ ಹೆಂಗ ಮಾತಾಡ್ಲಿ? ನೋಡಾಕ ಬಂದಾರ. ನೋಡ್ಲಿ.”

ಮಾಳಸಿದ್ದ ಹತ್ತಿರ ಬಂದು ಕೋಲಿನಿಂದ ಮೂಡಣ ದಿಕ್ಕು ತೋರಿಸಿದ. ನಾಳೆ ಬೆಳಗಾಗುವುದರೊಳಗೆ ಇಲ್ಲಿಂದ ಎದ್ದು, ಅಲಖನೂರಿನ ಹೊಲಗಳಲ್ಲಿ ಕುರಿ ತರುಬಿ, ಅಲ್ಲಿಂದ ಹೊಳೆ ದಾಟಿ ಅನಂತಪುರದ ಕಡೆ. ಬೇಸಿಗೆ ಮುಗಿಯುವ ತನಕ ಆ ಕಡೆಯೇ.

“ಅಲಖನೂರ ರಾಯಬಾಗಕ್ಕ ಬರತೈತಿ, ಅನಂತಪುರ ಅಥಣಿಗೆ,” ಎಂದ ಭಾವುಸಾಹೇಬ, ಜೀಪಿಗೆ ಒರಗಿ ನಿಂತು. “ಅದು ನಮ್ಮ ತಾಲೂಕ ಅಲ್ಲರಿ ಮೇಡಂ.”

“ಗೊತ್ತೈತಿ,” ಎಂದಳು ಮಂಗಲಾ. ಮಣ್ಣಿನಿಂದ ಏಳದೆಯೇ ಮಾಳಸಿದ್ದನ ಕಡೆ ತಿರುಗಿ, “ಹೊಳಿ ದಾಟಿದ ಮ್ಯಾಲ ಮೊದಲ ಯಾರ ಹೊಲದಾಗ ಇಳೀತೀರಿ?” ಎಂದು ಕೇಳಿದಳು.